ಒಹಾಯೋ ನದಿಯ ಕಲ್ಲಿನಲ್ಲಿ ಹಳೇ ಹವಳ ಓದುವುದು ಹೇಗೆ

ಅಮೆರಿಕದ ಲೂಯಿವಿಲ್‌ಗೆ ಬಂದು ಹನ್ನೊಂದು ವರ್ಷವಾಯಿತು. ಊರಿಂದ ಯಾರೇ ಬಂದರೂ ನಾನು ಮೊದಲು ಕರೆದುಕೊಂಡು ಹೋಗುವುದು ನದಿಯ ಆಚೆ ದಡಕ್ಕೆ, ಇಂಡಿಯಾನಾದ ಕ್ಲಾರ್ಕ್ಸ್‌ವಿಲ್‌ಗೆ. ಅಲ್ಲಿ ನದಿಯ ತಳದಲ್ಲೇ ಸುಮಾರು 39 ಕೋಟಿ ವರ್ಷ ಹಳೆಯ ಹವಳದ ಹಾಸು ಇದೆ. ಹೆಸರು ಫಾಲ್ಸ್ ಆಫ್ ದಿ ಒಹಾಯೋ. ಜೋಗ ನೆನೆಸಿಕೊಂಡು ಹೋದರೆ ನಿರಾಸೆಯೇ ಗತಿ.

ಹೋದ ಸೆಪ್ಟೆಂಬರಿನಲ್ಲಿ ಭಾವ ಬಂದಿದ್ದರು. ಐದೇ ನಿಮಿಷಕ್ಕೆ ವಾದ ಶುರು ಮಾಡಿದರು. "ಆಗ ಭೂಮಿ ಈಗಿಗಿಂತ ಬೆಚ್ಚಗಿತ್ತು ಅಂತೀಯ. ಹವಳ ಜೋರಾಗೇ ಬೆಳೆದಿದೆ. ಮತ್ತೆ ಈಗ ಬಿಸಿಗೆ ಹವಳ ಸಾಯುತ್ತೆ ಅಂತ ಯಾಕೆ ಗಲಾಟೆ?" ಪ್ರಶ್ನೆ ಚೆನ್ನಾಗಿತ್ತು. ಅವತ್ತು ನಾವು ಉತ್ತರ ಹುಡುಕಿದ ದಾರಿಯನ್ನೇ ಇಲ್ಲಿ ಹೇಳುತ್ತೇನೆ.

ಆಗಸ್ಟಿನಿಂದ ಅಕ್ಟೋಬರ್ ಒಳಗೆ ಹೋಗಿ. ಆಗ ನೀರು ಇಳಿದು ಜಾಸ್ತಿ ಕಲ್ಲು ಕಾಣುತ್ತದೆ. ಗಟ್ಟಿ ಶೂ ಹಾಕಿಕೊಳ್ಳಿ. ಚಪ್ಪಲಿಯಲ್ಲಿ ಹೋಗಿ ಜಾರಿ ಬಿದ್ದು ನನ್ನ ಮೊಣಕಾಲಿಗೆ ಒಂದು ಗುರುತು ಉಳಿದಿದೆ. ಕಲ್ಲು ಕೀಳುವುದು, ಜೇಬಿಗೆ ಹಾಕಿಕೊಳ್ಳುವುದು ಎರಡೂ ನಿಷೇಧ. ಎಲ್ಲಕ್ಕಿಂತ ಮುಖ್ಯ, ಎರಡು ಬಾಟಲಿ ನೀರು. ಒಂದು ಕುಡಿಯಲು, ಒಂದು ಕಲ್ಲಿಗೆ. ಒಣಗಿದ ಕಲ್ಲು ಬರೀ ಬೂದು ಬಣ್ಣ. ಸ್ವಲ್ಪ ನೀರು ಸುರಿದು ನೋಡಿ, ಹವಳ ಎದ್ದು ಬರುತ್ತದೆ.

ಮೊದಲು ಕೊಂಬು ಹುಡುಕಿ. ಎತ್ತಿನ ಕೊಂಬಿನ ಹಾಗೆ ಬಾಗಿರುತ್ತದೆ, ತುಂಡಾದ ಕಡೆ ಮೂಸಂಬಿ ಅಡ್ಡ ಕೊಯ್ದಂತೆ ಗೆರೆಗಳು. ಇದು ರುಗೋಸ್ ಹವಳ, ಒಂದು ಕೊಂಬಿಗೆ ಒಂದೇ ಪ್ರಾಣಿ. ಪಕ್ಕದಲ್ಲೇ ಜೇನುಹುಟ್ಟಿನಂಥದ್ದು ಸಿಗುತ್ತದೆ, ಹೆಸರು ಫೆವೊಸೈಟಿಸ್. ಚಿರೋಟಿಯ ಹಾಗೆ ಪದರ ಪದರವಾಗಿ ಇದ್ದರೆ ಅದು ಹವಳವೇ ಅಲ್ಲ, ಸ್ಟ್ರೊಮಾಟೊಪೊರಾಯ್ಡ್ ಎಂಬ ಸ್ಪಂಜು ಪ್ರಾಣಿ. ಆ ಕಾಲದ ಸಮುದ್ರದಲ್ಲಿ ದಿಬ್ಬ (ರೀಫ್) ಕಟ್ಟುವ ಕೆಲಸದಲ್ಲಿ ಇದರದ್ದೇ ದೊಡ್ಡ ಪಾಲು. ಅಂದ ಹಾಗೆ, ಇಲ್ಲಿರುವುದು ಸರಿಯಾದ ಅರ್ಥದಲ್ಲಿ ದಿಬ್ಬವೂ ಅಲ್ಲ. ಮೇಲೆದ್ದಿಲ್ಲ, ಚಾಪೆ ಹಾಸಿದಂತೆ ಹರಡಿದೆ.

ಈಗ ಹವಳ ಬಿಟ್ಟು ಅದರ ಸುತ್ತ ಇರುವ ಕಲ್ಲು ನೋಡಿ. ಸುಣ್ಣದ ಕಲ್ಲು. ಜೇಡಿ ಕಡಿಮೆ, ಮರಳು ಕಡಿಮೆ. ಅಂದರೆ ನೀರು ತಿಳಿಯಾಗಿತ್ತು. ಈ ನೆಲ ಆಗ ಸಮಭಾಜಕ ರೇಖೆಯ ದಕ್ಷಿಣಕ್ಕೆ ಸುಮಾರು 20 ಡಿಗ್ರಿಯಲ್ಲಿತ್ತು. ಸಮುದ್ರಮಟ್ಟ ಎತ್ತರವಿತ್ತು. ಹಾಗಾಗಿ ಖಂಡದ ಮೇಲೇ ಸಮುದ್ರ ಹತ್ತಿ ಕೂತಿತ್ತು. ದೊಡ್ಡ ಕೆರೆಯ ಅಂಚಿನ ಹಾಗೆ, ಮೈಲಿಗಟ್ಟಲೆ ಆಳವಿಲ್ಲದ ಬೆಚ್ಚನೆ ನೀರು, ತಳದವರೆಗೆ ಬಿಸಿಲು. ಇಂಥ ಜಾಗ ಈಗ ಭೂಮಿಯ ಮೇಲೆ ತೀರಾ ಕಡಿಮೆ. ಈ ಹವಳ ಬೆಳೆದ ಯುಗಕ್ಕೆ ಡೆವೋನಿಯನ್ ಅಂತ ಹೆಸರು. ಆ ಕಾಲದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ಕೆನಡಾದವರೆಗೆ ದೊಡ್ಡ ದೊಡ್ಡ ದಿಬ್ಬಗಳು ಎದ್ದದ್ದಕ್ಕೆ ನನ್ನ ಲೆಕ್ಕದಲ್ಲಿ ಮೊದಲ ಕಾರಣ ಈ ಜಾಗವೇ. ಬಿಸಿ ಆಮೇಲೆ.

ಬಿಸಿಯ ವಿಷಯಕ್ಕೆ ಬಂದೆ, ಭಾವ. ಕೊನೊಡಾಂಟ್ ಅಂತ ಹಾವುಮೀನಿನಂಥ ಸಣ್ಣ ಪ್ರಾಣಿ ಇತ್ತು. ಅದರ ಹಲ್ಲಿನಲ್ಲಿ ಹಗುರ ಆಮ್ಲಜನಕ ಎಷ್ಟು, ಭಾರದ್ದು ಎಷ್ಟು ಅಂತ ಅಳೆದರೆ ಆಗಿನ ಸಮುದ್ರ ಎಷ್ಟು ಬೆಚ್ಚಗಿತ್ತು ಅಂತ ಅಂದಾಜು ಸಿಗುತ್ತದೆ. 2009ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನ ಹೇಳಿದ್ದು ಏನು ಗೊತ್ತಾ? ಡೆವೋನಿಯನ್‌ನ ಒಳಗೇ ಸ್ವಲ್ಪ ತಣ್ಣಗಿದ್ದ ಮಧ್ಯಭಾಗದಲ್ಲಿ ಹವಳ ಮತ್ತು ಸ್ಪಂಜಿನ ದಿಬ್ಬಗಳು ಮೆರೆದವು. ತೀರಾ ಬಿಸಿಯಾದ ಕಾಲದಲ್ಲಿ ಆ ಜಾಗಕ್ಕೆ ಸೂಕ್ಷ್ಮಜೀವಿಗಳು ಕಟ್ಟಿದ ದಿಬ್ಬಗಳು ಬಂದವು.

ಇಷ್ಟಕ್ಕೂ ಅವು ಬೇರೆ ಹವಳ. ರುಗೋಸ್, ಫೆವೊಸೈಟಿಸ್ ಇದ್ದ ಎರಡೂ ಬಳಗ ಸುಮಾರು 25 ಕೋಟಿ ವರ್ಷದ ಹಿಂದೆ ಪೂರಾ ಅಳಿದುಹೋದವು. ನೇತ್ರಾಣಿಯಲ್ಲಿ ಮುಳುಗಿದರೆ ಕಾಣುವ ಕಲ್ಲು ಹವಳಗಳು ಆಮೇಲೆ ಬಂದ ಇನ್ನೊಂದು ಬಳಗ. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಸಾಕು, ಒಳಗಿದ್ದು ಊಟ ಒದಗಿಸುವ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತವೆ.

ಹೊಟ್ಟೆ ಹಸಿಯದಿದ್ದರೆ ಇನ್ನೊಂದು ಕೆಲಸ ಮಾಡಿ. ಈ ಸುತ್ತಲಲ್ಲಿ ಸುಣ್ಣದ ಕಲ್ಲಿಗಿಂತ ಮೇಲಿನ, ಅಂದರೆ ಆಮೇಲಿನ ಪದರದಲ್ಲಿ ಕಪ್ಪು ಕಲ್ಲು ಸಿಗುತ್ತದೆ. ಹೆಸರು ನ್ಯೂ ಆಲ್ಬನಿ ಶೇಲ್. ಕೆಸರು, ಆಮ್ಲಜನಕ ಇಲ್ಲದ ತಳ, ಹವಳದ ಸುಳಿವೂ ಇಲ್ಲ. ಎರಡನ್ನೂ ಒಂದೇ ದಿನ ನೋಡಿದರೆ ಹೋಲಿಕೆ ಸುಲಭ.

ಕೊನೆಗೆ ಒಂದು ಮೋಜು. ಕೊಂಬು ಹವಳದ ಹೊರಮೈಯಲ್ಲಿ ದಿನಕ್ಕೊಂದು ಸಣ್ಣ ಗೆರೆ ಬೆಳೆಯುತ್ತಿತ್ತು. ಜಾನ್ ವೆಲ್ಸ್ ಎಂಬ ವಿಜ್ಞಾನಿ ಡೆವೋನಿಯನ್ ಹವಳಗಳಲ್ಲಿ ಅದನ್ನು ಎಣಿಸಿ, ಆಗ ವರ್ಷಕ್ಕೆ ಸುಮಾರು 400 ದಿನ ಇತ್ತು ಎಂದು 1963ರಲ್ಲಿ ಬರೆದರು. ಚಂದ್ರನ ಎಳೆತಕ್ಕೆ ಭೂಮಿಯ ತಿರುಗುವಿಕೆ ಆಮೇಲೆ ನಿಧಾನವಾಗಿದೆ. ನದಿ ಉಜ್ಜಿದ ಇಲ್ಲಿನ ಕಲ್ಲಿನಲ್ಲಿ ಆ ಗೆರೆ ಬಹುತೇಕ ಸವೆದಿರುತ್ತದೆ. ಹಾಗಂತ ಹೇಳಿದರೂ ಭಾವ ಬಿಡಲಿಲ್ಲ. ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಕ್ಯಾಮೆರಾ ಹಿಡಿದು, ಕುಡಿಯುವ ಬಾಟಲಿಯನ್ನೂ ಕಲ್ಲಿಗೇ ಸುರಿದರು.