ಕರಿಯನ ಎದೆ ಓಡಿದ್ದು ಎದೆಯ ತಪ್ಪಿಗಲ್ಲ

ಅಡಿಕೆಯ ಕೊನೆಕೊಯ್ಲು ಶುರುವಾದ ಹೊತ್ತು. ಶಿರಸಿಯ ನನ್ನ ಕ್ಲಿನಿಕ್ಕಿಗೆ ಒಂದು ಸಂಜೆ ತೋಟದ ಮನೆಯವರು 11 ವರ್ಷದ ನಾಯಿ ಕರಿಯನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ನಾಲ್ಕು ದಿನದಿಂದ ಮಂಕು, ಅಂಗಳದ ಮೆಟ್ಟಿಲು ಹತ್ತಿದರೆ ಏದುಸಿರು. "ಎದೆ ಢವಢವ ಹೇಳ್ತಾ ಇದ್ದು. ವಯಸ್ಸಾತಲಾ, ಹಾರ್ಟಿಂದೇ ಆಗಿಕ್ಕು" ಎಂದರು ಯಜಮಾನರು.

ಸ್ಟೆತಸ್ಕೋಪ್ ಇಟ್ಟು ಎಣಿಸಿದೆ. ನಿಮಿಷಕ್ಕೆ 184. ಅವನ ಗಾತ್ರದ ನಾಯಿಗೆ ಆರಾಮಾಗಿದ್ದಾಗ 70ರಿಂದ 120 ಇದ್ದರೆ ಸರಿ. ಜೊತೆಗೆ ಎಡ ಎದೆಯಲ್ಲಿ ಬಡಿತದ ನಡುವೆ ಸರ್ರನೆ ಕೇಳುವ ಸಣ್ಣ ಮರ್ಮರ್ ಶಬ್ದ. ಮುದಿ ನಾಯಿ, ಮರ್ಮರ್, ಏದುಸಿರು: ಕವಾಟ ಸೋರುತ್ತಿದೆ ಎಂದು ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು. ಮೈಯ ನೀರು ಇಳಿಸುವ ಫ್ಯೂರೋಸಮೈಡ್ ಮಾತ್ರೆಯ ಸ್ಟ್ರಿಪ್ ಕೈಗೂ ಬಂದಿತ್ತು.

ಆದರೆ ಕ್ಲಿನಿಕ್ಕಿನ ಸಂಖ್ಯೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಫಿನಾಯಿಲ್ ವಾಸನೆಗೇ ಕೆಲವು ನಾಯಿಗಳ ಬಡಿತ 180 ದಾಟುತ್ತದೆ. ಮನೆಯ ಮಗಳಿಗೆ ತೊಡೆಯ ಒಳಮೈಯಲ್ಲಿ ನಾಡಿ ಸಿಗುವ ಜಾಗ ತೋರಿಸಿ, ನಿದ್ದೆ ಹೋದ ಮೇಲೆ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸು, ಉಸಿರನ್ನೂ ಎಣಿಸು ಎಂದೆ. ರಾತ್ರಿ 11ಕ್ಕೆ ಫೋನ್ ಬಂತು. ನಾಡಿ 164, ಉಸಿರು 36. ನಿದ್ದೆಯಲ್ಲಿ ಉಸಿರು 30 ದಾಟಬಾರದು. ಹಾಗಾದರೆ ಇದು ಹೆದರಿಕೆಯ ಓಟ ಅಲ್ಲ.

ಬೆಳಿಗ್ಗೆ ಇಸಿಜಿ. ನನ್ನಲ್ಲಿರುವುದು ಮನುಷ್ಯರ ಹಳೇ ಯಂತ್ರ. ಕ್ಲಿಪ್ಪಿನ ಹಲ್ಲು ಅರದಲ್ಲಿ ಉಜ್ಜಿ ಮೊಂಡು ಮಾಡಿಟ್ಟುಕೊಂಡಿದ್ದೇನೆ, ಇಲ್ಲವಾದರೆ ಚರ್ಮ ಕಚ್ಚಿ ನಾಯಿ ಒದ್ದಾಡುತ್ತದೆ. ರಬ್ಬರ್ ಚಾಪೆಯ ಮೇಲೆ ಬಲಮಗ್ಗುಲಾಗಿ ಮಲಗಿಸಿ, ಕ್ಲಿಪ್ ಕಚ್ಚಿದಲ್ಲಿ ಸ್ಪಿರಿಟ್ ಬಿಟ್ಟೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಅಂದರೆ 15 ಸೆಂಟಿಮೀಟರಿಗೆ 6 ಸೆಕೆಂಡ್. ಅಷ್ಟರಲ್ಲಿ 17 ಬಡಿತ; ಹತ್ತರಿಂದ ಗುಣಿಸಿದರೆ 170. ಪ್ರತಿ ಬಡಿತಕ್ಕೂ ಮುಂದೆ ಅದರದ್ದೇ ಪಿ ಅಲೆ (ಹೃದಯದ ಮೇಲಿನ ಕೋಣೆಗಳ ಗುರುತು), ನಡುವಿನ ಅಂತರವೂ ಒಂದೇ ಸಮ. ಎದೆಯಲ್ಲಿ ಕೇಳಿದ ಒಂದೊಂದು ಬಡಿತಕ್ಕೂ ತೊಡೆಯಲ್ಲಿ ನಾಡಿ ಸಿಗುತ್ತಿತ್ತು. ತಾಳ ತಪ್ಪಿ, ಕೆಲವು ಬಡಿತಗಳು ನಾಡಿಗೇ ಬರದೆ ಹೋಗಿದ್ದರೆ ಕಥೆ ಬೇರೆ. ಇದು ಸೈನಸ್ ಟ್ಯಾಕಿಕಾರ್ಡಿಯಾ, ಅಂದರೆ ತಾಳ ಸರಿ, ವೇಗ ಮಾತ್ರ ಹೆಚ್ಚು. ಹೃದಯ ಹಳಿ ತಪ್ಪಿಲ್ಲ, ಯಾರೋ ಓಡಿಸುತ್ತಿದ್ದಾರೆ. ನೋವೇ, ಜ್ವರವೇ, ನೀರಿಲ್ಲವೇ, ರಕ್ತವಿಲ್ಲವೇ?

ಆಗ ಹೊಳೆಯಿತು ಹಿಂದಿನ ದಿನದ ಎಡವಟ್ಟು. ಕರಿಯನ ಒಸಡೂ ಕಪ್ಪು. ತುಟಿ ಎತ್ತಿ ನೋಡಿ "ಸರಿ" ಎಂದು ಬಿಟ್ಟಿದ್ದೆ. ಕಪ್ಪು ಒಸಡಿನಲ್ಲಿ ಬಿಳಿಚಿದ್ದು ಎಲ್ಲಿ ಕಾಣಬೇಕು? ಕೆಳರೆಪ್ಪೆ ಎಳೆದೆ. ಒಳಗೆ ಹಸಿ ಕೊಬ್ಬರಿಯ ಬಿಳುಪು.

ಜ್ವರ 103.4. ಹೊಟ್ಟೆ ಮುಟ್ಟಿದರೆ ಊದಿದ ಗುಲ್ಮ (ಸ್ಪ್ಲೀನ್) ಕೈಗೆ ಸಿಕ್ಕಿತು. ಮುದಿ ನಾಯಿಯ ಗುಲ್ಮ ಊದಿದರೆ ಗೆಡ್ಡೆ ಒಡೆದು ಒಳಗೇ ರಕ್ತ ಸೋರುತ್ತಿರುವ ಭಯ; ಸೂಜಿ ಹಾಕಿ ಎಳೆದೆ, ರಕ್ತ ಬರಲಿಲ್ಲ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು, 19. ಕನಿಷ್ಠ 37 ಇರಬೇಕಿತ್ತು. ಕಿವಿತುದಿಯ ಹನಿಯನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪುಕಣಗಳೊಳಗೆ ಚಿಕ್ಕ ಉಂಗುರಗಳು: ಉಣುಗು ಕಚ್ಚಿ ಬರುವ ಬೆಬೀಸಿಯಾ ಗಿಬ್ಸೋನಿ. ಬೆರಳುಸಂದಿಯಲ್ಲಿ ಎರಡು ಕಂದು ಉಣುಗು ಇನ್ನೂ ಕಚ್ಚಿಕೊಂಡಿದ್ದವು. ಮರ್ಮರ್ ಕೂಡ ಅದರದ್ದೇ. ರಕ್ತ ನೀರಾದಾಗ ಹರಿವೇ ಸದ್ದು ಮಾಡುತ್ತದೆ. ಫ್ಯೂರೋಸಮೈಡ್ ಕೊಟ್ಟಿದ್ದರೆ ಇದ್ದ ನೀರನ್ನೂ ಹಿಂಡಿ ಬಡಿತವನ್ನು ಇನ್ನಷ್ಟು ಓಡಿಸುತ್ತಿದ್ದೆ.

ಉಣುಗು ಎಂದ ಕೂಡಲೇ ಮನೆಯವರ ಮುಖ ಇಳಿಯಿತು. ನಮ್ಮ ಕಡೆ ಆ ಮಾತಿಗೆ ಮಂಗನ ಕಾಯಿಲೆಯೇ ನೆನಪಾಗುವುದು. ಅದು ವೈರಸ್, ಕಾಡಿನ ಬೇರೆ ಉಣುಗಿನದು, ಇದು ನಾಯಿಯ ರಕ್ತದ ಪರಾವಲಂಬಿ ಎಂದು ಬಿಡಿಸಿ ಹೇಳಿದೆ.

ಅಟೋವಕ್ವೋನ್, ಅಜಿತ್ರೋಮೈಸಿನ್ 10 ದಿನ. ಮೊದಲನೆಯದು ದುಬಾರಿ, ಶಿರಸಿಯಲ್ಲಿ ಸಿಗದೆ ಬೆಂಗಳೂರಿನಿಂದ ತರಿಸಿದೆವು. ಜಿಡ್ಡಿನ ಊಟದ ಜೊತೆ ಕೊಟ್ಟರೇ ಅದು ಮೈಗೆ ಹತ್ತುವುದು. ತುಪ್ಪ ಕಲಸಿದ ಅನ್ನಕ್ಕೆ ಕರಿಯ ತಕರಾರು ಮಾಡಲಿಲ್ಲ. ರಕ್ತ ಹಾಕಬೇಕೇ ಎಂದು ಒಂದು ರಾತ್ರಿ ಯೋಚಿಸಿದೆ. ಎದ್ದು ಉಣ್ಣುತ್ತಿದ್ದನಾದ್ದರಿಂದ ಕಾದೆ. ಮೂರು ವಾರಕ್ಕೆ ಪಿಸಿವಿ 33, ಮರ್ಮರ್ ಕೇಳಲಿಲ್ಲ.

ಈ ಕ್ರಿಮಿ ಮೈಯಲ್ಲಿ ಅಡಗಿ ಕೂರುವುದುಂಟು, ಅದಕ್ಕೇ ಎಣಿಕೆ ನಿಲ್ಲಿಸಿಲ್ಲ. ಪ್ರತಿ ಭಾನುವಾರ ಆ ಹುಡುಗಿ ನಾಡಿಯ ಸಂಖ್ಯೆ ಕಳಿಸುತ್ತಾಳೆ. ಮೊನ್ನೆಯದು 88.