ಕ್ರಿ.ಶ. 634ನ್ನು ಗೋಡೆಗೇರಿಸಿದ ಅನುಭವ

ಎಂಟನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುವ ನನ್ನನ್ನು ಬಹಳ ವರ್ಷ ಒಂದೇ ಕೊರತೆ ಕಾಡಿದೆ. ಮಕ್ಕಳಿಗೆ ಇಮ್ಮಡಿ ಪುಲಿಕೇಶಿ ಗೊತ್ತು, ಖಲೀಫರು ಗೊತ್ತು, ಚೀನಾದ ತಾಂಗ್ ವಂಶದ ಹೆಸರೂ ಕೇಳಿರುತ್ತಾರೆ. ಇವರೆಲ್ಲ ಒಂದೇ ಕಾಲದಲ್ಲಿ ಬಾಳಿದವರು ಅನ್ನುವುದು ಮಾತ್ರ ಹೊಳೆದಿರುವುದಿಲ್ಲ. ಅದಕ್ಕೇ ಒಂದೇ ಒಂದು ವರ್ಷವನ್ನು ಹಿಡಿದು, ಡ್ರಾಯಿಂಗ್ ಶೀಟುಗಳನ್ನು ಸಾಲಾಗಿ ಅಂಟಿಸಿ, ತರಗತಿಯ ಹಿಂದಿನ ಗೋಡೆಯ ಉದ್ದಕ್ಕೂ ಅದರ ಪಟ ಮಾಡಿದೆವು.

ವರ್ಷ ಆರಿಸಲು ಕಷ್ಟವಾಗಲಿಲ್ಲ, ಅದು ನಮ್ಮ ಬಾಗಲಕೋಟೆ ಜಿಲ್ಲೆಯ ಕಲ್ಲಿನ ಮೇಲೆಯೇ ಇದೆ. ಐಹೊಳೆಯ ಗುಡ್ಡ ಹತ್ತಿ ಮೇಗುತಿ ಜಿನಾಲಯದ ಪೂರ್ವದ ಗೋಡೆಯ ಮುಂದೆ ಮಕ್ಕಳನ್ನು ನಿಲ್ಲಿಸಿದೆ. ಪುಲಿಕೇಶಿಯನ್ನು ಹೊಗಳಿ ಕವಿ ರವಿಕೀರ್ತಿ ಬರೆದ ಶಾಸನ, 19 ಸಾಲು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಕಾಲ ಹೇಳುವ ಶ್ಲೋಕವನ್ನು ಮೊದಲೇ ಬರೆದುಕೊಂಡು ಹೋಗಿದ್ದೆ. ನಾನು ಒಂದೊಂದೇ ಪದ ಬಿಡಿಸಿ ಹೇಳಿದೆ, ಅವರು ನೋಟುಬುಕ್ಕಿನಲ್ಲಿ ಕೂಡಿಸಿದರು. ತ್ರಿಂಶತ್ಸು, 30. ತ್ರಿಸಹಸ್ರೇಷು, 3000. ಮುಂದೆ 700, ಆಮೇಲೆ 5. ಒಟ್ಟು 3735: ಭಾರತ ಯುದ್ಧದಿಂದ ಕಳೆದ ವರ್ಷಗಳು. ಮುಂದಿನ ಸಾಲಿನಲ್ಲಿ 50, 6, 500. ಶಕ ಅರಸರ ಎಣಿಕೆಯಲ್ಲಿ ಕಳೆದದ್ದು 556. ಇವನ್ನು ಕ್ರಿಸ್ತಶಕಕ್ಕೆ ತರಲು ಮೊದಲಿನದರಿಂದ 3101 ಕಳೆದರೆ 634, ಎರಡನೆಯದಕ್ಕೆ 78 ಕೂಡಿಸಿದರೂ 634. ಎರಡು ದಾರಿಯೂ ಒಂದೇ ಅಂಕಿಗೆ ಬಂದಾಗ ಮಕ್ಕಳ ಮುಖ ನೋಡಬೇಕಿತ್ತು. ಯಾವ ಪಠ್ಯಪುಸ್ತಕವೂ ಕೊಡದ ಖುಷಿ ಅದು.

ಹಿಂದಿರುಗಿ ಮಾಡಿದ ಮೊದಲ ಪಟವನ್ನು ನಾನೇ ಕೆಡಿಸಿದೆ. ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಮನೆ ಎಳೆದು ಘಟನೆಗಳನ್ನು ತುಂಬಿಸಿದ್ದೆ. ಒಬ್ಬ ಹುಡುಗ ಎದ್ದು ಕೇಳಿದ: "ಸರ್, ಆವಾಗ ಅರಬರಿಗೆ ಅದು ಎಷ್ಟನೇ ವರ್ಷ ಇತ್ತ್ರೀ?" ಹಿಜರಿ 13 ಅಂದೆ. ಹೇಳಿದ ಮೇಲೆ ತಪ್ಪು ತಿಳಿಯಿತು. ಹಿಜರಿ ಎಣಿಕೆ ಜಾರಿಗೆ ಬಂದದ್ದೇ ಕೆಲವು ವರ್ಷಗಳ ಬಳಿಕ, ಖಲೀಫ ಉಮರ್ ಕಾಲದಲ್ಲಿ. 634ರಲ್ಲಿದ್ದ ಯಾರೂ ಅದನ್ನು 13ನೇ ವರ್ಷ ಎಂದು ಕರೆದಿರಲಿಲ್ಲ. ಪಟ ಕಿತ್ತು ಹೊಸದಾಗಿ ಶುರು ಮಾಡಿದೆವು. ಈ ಸಲ ಎಲ್ಲಕ್ಕಿಂತ ಮೇಲೆ ಶಕ, ಹಿಜರಿ, ತಾಂಗ್ ದೊರೆ ತಾಯ್‌ಜೋಂಗನ ಆಳ್ವಿಕೆಯ ಎಣಿಕೆ, ಹೀಗೆ ಒಂದೊಂದಕ್ಕೂ ಬೇರೆ ಪಟ್ಟಿ ಬಂತು. ಶಕ 556 ಕಳೆದ ವರ್ಷ ನಮಗೆ ಯುಗಾದಿಯಿಂದ ಯುಗಾದಿಗೆ, ಅಂದರೆ 635ರೊಳಗೂ ಚಾಚುತ್ತದೆ. ಲೆಕ್ಕ ಹಾಕುತ್ತಾ ಹೋದಾಗ ಒಂದು ಸಂಗತಿ ಸಿಕ್ಕಿತು: ಆ ಮಾರ್ಚ್ ಮೊದಲ ವಾರದ ಒಂದೇ ಅಮಾವಾಸ್ಯೆ ಕಳೆದು ಇಲ್ಲಿ ಚೈತ್ರ, ಅಲ್ಲಿ ಹಿಜರಿಯ ಮೊದಲ ತಿಂಗಳು ಮೊಹರಂ ಶುರುವಾಗಿವೆ. ಎರಡೂ ಪಟ್ಟಿಗಳು ಪಕ್ಕಪಕ್ಕದಲ್ಲೇ ಹೊರಟವು.

ಆಮೇಲೆ ಬಣ್ಣ. ಆ ವರ್ಷದವರೇ ಬರೆದಿಟ್ಟದ್ದು ಕೆಂಪು ಶಾಯಿಯಲ್ಲಿ, ನಂತರದವರು ದಾಖಲಿಸಿದ್ದು ನೀಲಿಯಲ್ಲಿ, ವರ್ಷದ ಬಗ್ಗೆಯೇ ಜಗಳವಿದ್ದರೆ ಪೆನ್ಸಿಲ್‌ನಲ್ಲಿ. ನೀಲಿ ಬಹಳ ಬಂತು. ಬೇಸಿಗೆಯಲ್ಲಿ ಪ್ಯಾಲೆಸ್ತೀನಿನ ಅಜ್ನಾದೈನ್‌ನಲ್ಲಿ ಬೈಜಾಂಟಿಯನ್ ಸೇನೆಗೆ ಸೋಲು. ಆಗಸ್ಟ್ 23ಕ್ಕೆ ಮದೀನಾದಲ್ಲಿ ಅಬೂಬಕರ್ ನಿಧನ, ಉಮರ್ ಖಲೀಫ. ಶರತ್ಕಾಲದಲ್ಲಿ ಯೂಫ್ರಟೀಸ್ ದಡದ ಸೇತುವೆ ಕಾಳಗದಲ್ಲಿ ಪರ್ಷಿಯನ್ನರ ಆನೆಗಳೆದುರು ಅರಬರು ಚೆದುರಿದರು. ತಾಂಗ್ ರಾಜಧಾನಿ ಚಾಂಗಾನ್‌ನಲ್ಲಿ ತಾಯ್‌ಜೋಂಗ್ ತಂದೆಗಾಗಿ ಬೇಸಿಗೆ ಅರಮನೆ ಕಟ್ಟಿಸಲು ತೊಡಗಿದ. ಟಿಬೆಟ್ಟಿನ ದೂತರು ಮೊದಲ ಬಾರಿಗೆ ಅವನ ಆಸ್ಥಾನಕ್ಕೆ ಬಂದರು. ಕೊರಿಯಾದ ಸಿಲ್ಲಾ ರಾಜ್ಯದಲ್ಲಿ ರಾಣಿ ಸೊಂದೊಕ್ ಕಾಲದ ಬುನ್ಹ್ವಾಂಗ್ಸಾ ವಿಹಾರ ಎದ್ದಿತು. ಅದರ ಗೋಪುರದ ಮೂರು ಅಂತಸ್ತು ಇಂದಿಗೂ ನಿಂತಿದೆ. ಕಲ್ಲನ್ನು ಇಟ್ಟಿಗೆಯಂತೆ ಕಡಿದು ಪೇರಿಸಿದ್ದಾರೆ. ಅದರ ಫೋಟೊವನ್ನು ಮೇಗುತಿಯ ಫೋಟೊದ ಪಕ್ಕ ಅಂಟಿಸಿದೆವು.

ಕೆಂಪು ಎರಡೇ ಕಡೆ ಬಿತ್ತು. ಒಂದು ನಮ್ಮ ರವಿಕೀರ್ತಿ. ಇನ್ನೊಂದು ಜೆರುಸಲೆಮ್ಮಿನ ಧರ್ಮಗುರು ಸೊಫ್ರೋನಿಯಸ್ ಮಾಡಿದ ಕ್ರಿಸ್‌ಮಸ್ ಪ್ರವಚನ. ಪ್ರತಿವರ್ಷದಂತೆ ಬೆತ್ಲೆಹೆಮ್ಮಿಗೆ ಹೋಗಿ ಹಬ್ಬ ಮಾಡಲು ಆಗುತ್ತಿಲ್ಲ, ದಾರಿಯಲ್ಲಿ ಅರಬ್ ಪಡೆಗಳಿವೆ, ಸ್ವರ್ಗದ ಬಾಗಿಲಲ್ಲಿ ಉರಿಯುವ ಕತ್ತಿ ಕಂಡ ಆದಾಮನಂತೆ ಹೊರಗೇ ನಿಂತಿದ್ದೇವೆ ಎಂದು ಆತ ಮರುಗುತ್ತಾನೆ. ಎರಡೂ ಊರಿನ ನಡುವೆ ಹತ್ತು ಕಿಲೋಮೀಟರೂ ಇಲ್ಲ. ಆ ವರ್ಷ ಹಬ್ಬ ಭಾನುವಾರ ಬಿದ್ದಿತ್ತೆಂದು ಪ್ರವಚನದಲ್ಲೇ ಇದೆ. ವಿದ್ವಾಂಸರು ವರ್ಷ ಗುರುತಿಸಲು ನೆರವಾದದ್ದು ಅದೇ. ನಾವೂ ದಿನ ಎಣಿಸಿ ನೋಡಿದೆವು: 634ರ ಡಿಸೆಂಬರ್ 25, ಭಾನುವಾರವೇ. ಇತ್ತ ಹರ್ಷನ ಹರ್ಷವನ್ನೇ ಕರಗಿಸಿದ ದೊರೆಯನ್ನು ಹಾಡಿ, ತನ್ನ ಕೀರ್ತಿ ಕಾಳಿದಾಸ ಭಾರವಿಯರದ್ದಕ್ಕೆ ಸಮ ಎಂದು ಹಿಗ್ಗುವ ಕವಿ. ಅತ್ತ ಊರ ಗೋಡೆಯೊಳಗೆ ಸಿಕ್ಕಿಬಿದ್ದ ಗುರು. ಈ ಎರಡು ಕೆಂಪು ಮನೆಗಳ ಮುಂದೆ ಮಕ್ಕಳು ನಿಂತಷ್ಟು ಹೊತ್ತು ಬೇರೆಲ್ಲೂ ನಿಲ್ಲಲಿಲ್ಲ.

ಪೆನ್ಸಿಲ್ ಮನೆ ಇಂಗ್ಲೆಂಡಿನದು. ನಾರ್ತಂಬ್ರಿಯಾದ ಆಸ್ವಾಲ್ಡ್ ಹೆವೆನ್‌ಫೀಲ್ಡಿನಲ್ಲಿ ಗೆದ್ದದ್ದು 633ರಲ್ಲೋ 634ರಲ್ಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಅವನ ಹಿಂದಿನ ಇಬ್ಬರು ಅರಸರು ಕ್ರೈಸ್ತ ಧರ್ಮ ಬಿಟ್ಟವರೆಂದು, ಅವರ ನೆನಪೇ ಬೇಡವೆಂದು, ಆ ಒಂದು ವರ್ಷವನ್ನು ಆಸ್ವಾಲ್ಡನ ಲೆಕ್ಕಕ್ಕೆ ಸೇರಿಸಿಬಿಟ್ಟರು ಎನ್ನುತ್ತಾನೆ ಸನ್ಯಾಸಿ ಬೀಡ್. ಒಂದು ವರ್ಷವನ್ನು ಬೇಕೆಂದೇ ಅಳಿಸಬಹುದು ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆ ಇಬ್ಬರ ಹೆಸರನ್ನೂ, ಯಾನ್‌ಫ್ರಿತ್ ಮತ್ತು ಓಸ್ರಿಕ್, ಒಬ್ಬ ಹುಡುಗಿ ದಪ್ಪ ಅಕ್ಷರದಲ್ಲಿ ಬರೆದಳು.

ಈಗಿನ ತಂಡ ಕೈಗೆತ್ತಿಕೊಂಡಿರುವುದು 642. ಆಸ್ವಾಲ್ಡ್ ಯುದ್ಧದಲ್ಲಿ ಸತ್ತದ್ದು, ನಹಾವಂದ್‌ನಲ್ಲಿ ಪರ್ಷಿಯಾ ಸೋತದ್ದು, ಪಲ್ಲವರು ವಾತಾಪಿಯನ್ನು ಗೆದ್ದದ್ದು ಆ ವರ್ಷ. ಬಾದಾಮಿಯ ಬಂಡೆಯ ಮೇಲೆ ನರಸಿಂಹವರ್ಮನ ಶಾಸನವಿದೆ. ಅಲ್ಲಿ ಎಣಿಕೆ ಅವನ ಪಟ್ಟದ ವರ್ಷದಿಂದ, ಶಕದಿಂದಲ್ಲ. ಹಾಗಾಗಿ ಆ ಮನೆ ಸದ್ಯಕ್ಕೆ ಪೆನ್ಸಿಲ್‌ನಲ್ಲಿದೆ, ಬಾದಾಮಿಗೆ ಹೋಗಲು ಬಸ್ಸು ಕೇಳಿದ್ದೇನೆ.