ರೈಲು ತಡವಾದರೆ ಆಗಲಿ, ನಡುವೆ ಒಂದು ಊರಿರಲಿ

ಯೂರೋಪಿನ ರೈಲು ನಿಮಿಷ ತಪ್ಪದೆ ಓಡುತ್ತೆ ಅಂತ ನಮ್ಮ ಕಡೆ ಇನ್ನೂ ನಂಬುತ್ತಾರೆ. ಸ್ವಿಟ್ಜರ್ಲೆಂಡಿನ ಮಟ್ಟಿಗೆ ಅದು ಬಹುಪಾಲು ನಿಜ. ಜರ್ಮನಿಯಲ್ಲಿ ಒಂದಷ್ಟು ದಿನ ಇದ್ದವರನ್ನು ಕೇಳಿ ನೋಡಿ, ನಗುತ್ತಾರೆ. ಅಲ್ಲಿ ಆರು ನಿಮಿಷದೊಳಗೆ ತಡವಾದ ರೈಲೂ ಲೆಕ್ಕಕ್ಕೆ 'ಸರಿಯಾದ ಸಮಯಕ್ಕೆ ಬಂದ' ರೈಲೇ. ಹಾಗೆ ಎಣಿಸಿದರೂ 2024ರಲ್ಲಿ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ನೂರಕ್ಕೆ ಸುಮಾರು 62 ಮಾತ್ರ.

ನಾನು ಮ್ಯೂನಿಕ್‌ನಲ್ಲಿ ಓದುತ್ತಿದ್ದೇನೆ. ಕಾಲೇಜಿನ ಗೆಳೆಯರು ಮೂವರು ಬೆಂಗಳೂರಿನಿಂದ ಬಂದಾಗ ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್ ನೋಡಿಕೊಂಡು ಮತ್ತೆ ಮ್ಯೂನಿಕ್ ಸೇರುವ ಸುತ್ತು ಹಾಕಿದೆವು. ಬೆನ್ನಿಗೊಂದು ಬ್ಯಾಗ್, ರಾತ್ರಿಗೆ ಹಾಸ್ಟೆಲ್. ಪ್ಲ್ಯಾನ್ ಮಾಡುವ ಕೆಲಸ ನನ್ನ ತಲೆಗೆ ಬಿತ್ತು.

ಮೊದಲು ರೈಲ್ ಪಾಸ್ ಬಗ್ಗೆ ಯೋಚಿಸಿದೆವು. ಯೂರೋಪಿನಲ್ಲಿ ವಾಸ ಇರುವವರಿಗೆ ಇಂಟರ್‌ರೈಲ್, ಹೊರಗಿನಿಂದ ಬಂದವರಿಗೆ ಯೂರೈಲ್. ಅಂದರೆ ನನಗೊಂದು, ಅವರಿಗೊಂದು. ಆಸ್ಟ್ರಿಯಾ, ಹಂಗೇರಿ, ಚೆಕ್ ಕಡೆ ಮುಂಚೆಯೇ ಕೊಂಡರೆ ಬಿಡಿ ಟಿಕೆಟ್ಟೇ ಅಗ್ಗ. ಪಾಸ್ ಬಿಟ್ಟೆವು.

ಬಿಡಿ ಟಿಕೆಟ್ಟಿನಲ್ಲಿ ಒಂದು ಕಷ್ಟ ಇದೆ. ಎರಡು ರೈಲಿಗೆ ಬೇರೆ ಬೇರೆ ಟಿಕೆಟ್ ತಗೊಂಡು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿತು ಅನ್ನಿ. ಆ ಎರಡನೇ ಟಿಕೆಟ್ ಅಗ್ಗದ ದರದ್ದು, ಅದೇ ರೈಲಿಗೆ ಕಟ್ಟಿದ್ದು ಆಗಿದ್ದರೆ ದುಡ್ಡು ಹೋಯಿತು ಅಂತಲೇ ಲೆಕ್ಕ. ಇಡೀ ದಾರಿಗೆ ಒಂದೇ ಟಿಕೆಟ್ ಇದ್ದರೆ ಮುಂದಿನ ರೈಲು ಹತ್ತಿಸುವ ಜವಾಬ್ದಾರಿ ರೈಲಿನವರದ್ದು. ಅದು ಸಿಗದ ಕಡೆ ನಾನು ಮಾಡಿದ್ದು ಇಷ್ಟೇ: ಎರಡು ರೈಲುಗಳ ನಡುವೆ ನಾಲ್ಕೈದು ಗಂಟೆ ಬಿಡುವು ಇಟ್ಟೆ. ಆ ಬಿಡುವು ಬೀಳುವ ಜಾಗ ಬರೀ ಜಂಕ್ಷನ್ ಆಗಿರಬಾರದು, ನೋಡುವಂಥ ಊರಾಗಿರಬೇಕು. ರೈಲು ಸಮಯಕ್ಕೆ ಬಂದರೆ ಊರು ಪೂರ್ತಿ ಸಿಗುತ್ತೆ. ತಡವಾದರೆ ಅರ್ಧ ಊರು. ಪ್ಲಾಟ್‌ಫಾರ್ಮಿನಲ್ಲಿ ಕೂತು ಬೈದುಕೊಳ್ಳುವುದಂತೂ ತಪ್ಪುತ್ತೆ.

'ಯಾಕೋ ಇಷ್ಟೊಂದು ಗ್ಯಾಪು? ಡೈರೆಕ್ಟ್ ರೈಲಿದೆಯಲ್ಲೋ' ಅಂತ ಮೂವರೂ ರೇಗಿಸಿದರು. ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ನೇರ ರೈಲು ಇರುವುದು ನಿಜ. ಆದರೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಲೋಕಲ್ ರೈಲಿನ ಒಂದು ದಿನದ ಗುಂಪು ಟಿಕೆಟ್ ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೂ ನಡೆಯುತ್ತೆ. ಐದು ಜನರ ತನಕ ಒಂದೇ ಟಿಕೆಟ್. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಹೊರಡಬೇಕು, ಅಷ್ಟೇ. ಅವತ್ತು ಲೋಕಲ್ ರೈಲು ಅರ್ಧ ಗಂಟೆ ತಡ. ನಮಗೇನೂ ಆಗಲಿಲ್ಲ. ಬ್ಯಾಗುಗಳನ್ನು ಸ್ಟೇಷನ್ ಲಾಕರ್‌ಗೆ ಹಾಕಿ ಮಿರಾಬೆಲ್ ತೋಟದ ಮೂಲಕ ಹಳೆ ಊರಿಗೆ ನಡೆದೆವು. 1756ರಲ್ಲಿ ಸಂಗೀತಗಾರ ಮೊಜಾರ್ಟ್ ಹುಟ್ಟಿದ ಹಳದಿ ಮನೆಯ ಮುಂದೆ ಫೋಟೋ ಆಯಿತು, ಕೋಟೆಯನ್ನೂ ಹತ್ತಿ ಬಂದೆವು.

ಸಾಲ್ಜ್‌ಬರ್ಗ್‌ನಿಂದ ವಿಯೆನ್ನಾ ರೈಲು ಹತ್ತುವಾಗ ಇನ್ನೊಂದು ತಮಾಷೆ. ಪ್ಲಾಟ್‌ಫಾರ್ಮಿನಲ್ಲಿ ಎ, ಬಿ, ಸಿ ಅಂತ ಬೋರ್ಡುಗಳಿರುತ್ತವೆ. ನಮ್ಮ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತೆ ಅಂತ ಮೊದಲೇ ತೋರಿಸುತ್ತಾರೆ. ಶಿಸ್ತಾಗಿ ಹೋಗಿ ನಿಂತೆವು. ರೈಲು ಬರುವ ಹೊತ್ತಿಗೆ ಬೋಗಿಗಳ ಸಾಲು ಉಲ್ಟಾ ಅಂತ ಘೋಷಣೆ. ಆ ತುದಿಯವರು ಈ ತುದಿಗೆ, ಈ ತುದಿಯವರು ಆ ತುದಿಗೆ ಓಟ. ಚಕ್ರದ ಸೂಟ್‌ಕೇಸಿನವರು ಒಬ್ಬರಿಗೊಬ್ಬರು ಸಿಕ್ಕಿಹಾಕಿಕೊಂಡರು. ಅರಸೀಕೆರೆ ಸ್ಟೇಷನ್ನಿನಲ್ಲಿ ಜನರಲ್ ಬೋಗಿ ಹುಡುಕಿ ಓಡಿದ ಹಾಗೇ ಇತ್ತು. ಕೈ ಖಾಲಿ ಇದ್ದದ್ದರಿಂದ ನಾವು ಸಿಕ್ಕ ಬಾಗಿಲಿನಲ್ಲಿ ಹತ್ತಿ, ಒಳಗೇ ನಡೆದುಕೊಂಡು ಸೀಟು ಸೇರಿದೆವು. ಇಂಥ ಪ್ರಯಾಣಕ್ಕೆ ಬೆನ್ನಿನ ಬ್ಯಾಗೇ ಸರಿ.

ವಿಯೆನ್ನಾ, ಬುಡಾಪೆಸ್ಟ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಇವೆರಡರ ನಡುವೆ ಹಗಲೆಲ್ಲ ಹೆಚ್ಚುಕಮ್ಮಿ ಗಂಟೆಗೊಂದು ರೈಲಿದೆ, ಹಾಗಾಗಿ ಅಲ್ಲಿ ನಡುವಿನ ಊರು ಬೇಕಾಗಲಿಲ್ಲ. ಬುಡಾಪೆಸ್ಟ್‌ನಲ್ಲಿ ಸಸ್ಯಾಹಾರಿ ಗೆಳೆಯನಿಗೆ ಲಾಂಗೋಷ್ ಸಿಕ್ಕಿತು. ಎಣ್ಣೆಯಲ್ಲಿ ಕರಿದ ದೊಡ್ಡ ರೊಟ್ಟಿ, ಮೇಲೆ ಬೆಳ್ಳುಳ್ಳಿ, ಹುಳಿ ಕ್ರೀಮ್, ಚೀಸ್. ಒಂದು ತಿಂದರೆ ಸಂಜೆಯವರೆಗೂ ಹಸಿವಾಗಲ್ಲ. 1896ರ ಹಳೇ ಮೆಟ್ರೋದಲ್ಲಿ ಸುಮ್ನೆ ಆ ತುದಿಯಿಂದ ಈ ತುದಿಗೆ ಹೋಗಿಬಂದೆವು.

ಬುಡಾಪೆಸ್ಟ್‌ನಿಂದ ಪ್ರಾಗ್‌ಗೆ ಸುಮಾರು ಏಳು ಗಂಟೆ. ಮೂರು ದೇಶ ದಾಟುವ ರೈಲು, ಎಲ್ಲಿ ಬೇಕಾದರೂ ತಡವಾಗಬಹುದು. ಇಲ್ಲಿ ಚೆಕ್ ದೇಶದ ಬ್ರನೋ ಊರನ್ನು ನಡುವೆ ಇಟ್ಟಿದ್ದೆ. ಅಲ್ಲಿಂದ ಪ್ರಾಗ್‌ಗೆ ರೈಲೂ ಜಾಸ್ತಿ, ಬಸ್ಸೂ ಜಾಸ್ತಿ. ಬೆಳಗಿನ ಜಾವದ ರೈಲು ಹಿಡಿದೆವು. ಸ್ಲೊವಾಕಿಯಾದಲ್ಲಿ ಎಲ್ಲೋ ಹೊಲದ ನಡುವೆ ನಿಂತಿತು. ಸಿಗ್ನಲ್ ಕೆಟ್ಟಿದೆ ಅಂದರು. ಒಂದು ಗಂಟೆ ಆಯಿತು, ಇನ್ನೂ ಇಲ್ಲ. ಮೈಸೂರಿನ ಗೆಳೆಯ ಡಬ್ಬಿ ತೆಗೆದ. ಅವರಮ್ಮ ಕಳಿಸಿದ್ದ ಗೊಜ್ಜವಲಕ್ಕಿ ಪುಡಿ. ಊಟದ ಬೋಗಿಯಿಂದ ಬಿಸಿನೀರು ತಂದು ಕಲಸಿದೆವು. ಎದುರು ಕೂತಿದ್ದ ಅಜ್ಜಿ ಹುಣಸೆಯ ವಾಸನೆಗೆ ಮೂಗರಳಿಸಿ, ಒಂದು ಚಮಚ ರುಚಿ ನೋಡಿ, ಮತ್ತೆ ಚಮಚ ಮುಂದೆ ಮಾಡಿದರು.

ಬ್ರನೋದ ಚರ್ಚಿನಲ್ಲಿ ಮಧ್ಯಾಹ್ನ ಹನ್ನೆರಡರ ಗಂಟೆಯನ್ನು ಹನ್ನೊಂದಕ್ಕೇ ಬಾರಿಸುತ್ತಾರೆ. 1645ರಲ್ಲಿ ಸ್ವೀಡನ್ನಿನ ಸೈನ್ಯ ಮುತ್ತಿಗೆ ಹಾಕಿತ್ತಂತೆ. ಮಧ್ಯಾಹ್ನದೊಳಗೆ ಊರು ಕೈಗೆ ಸಿಗದಿದ್ದರೆ ವಾಪಸ್ ಹೋಗುತ್ತೇನೆ ಅಂದನಂತೆ ಸೇನಾಪತಿ. ಊರವರು ಒಂದು ಗಂಟೆ ಮುಂಚೆಯೇ ಗಂಟೆ ಹೊಡೆದುಬಿಟ್ಟರು, ಅವನು ಹೊರಟುಹೋದ ಅಂತ ಅಲ್ಲಿನ ಕಥೆ. ಅದನ್ನು ಕೇಳಬೇಕು ಅಂತಲೇ ಆ ರೈಲು ಆರಿಸಿದ್ದು. ನಾವು ತಲುಪಿದಾಗ ನಿಜವಾದ ಹನ್ನೆರಡೂ ದಾಟಿತ್ತು. ಆದರೂ ಚರ್ಚಿನ ಗುಡ್ಡ ಹತ್ತಿ, ಊಟ ಮಾಡಿ, ಸಂಜೆಯ ರೈಲಿನಲ್ಲಿ ಪ್ರಾಗ್ ಸೇರಿದೆವು. ನೇರ ಟಿಕೆಟ್ ತಗೊಂಡಿದ್ದರೆ ಅವತ್ತಿನ ದಿನ ಪೂರ್ತಿ ರೈಲಿನಲ್ಲೇ ಕಳೆಯುತ್ತಿತ್ತು.

ದುಡ್ಡಿನ ವಿಷಯಕ್ಕೆ ಬರೋಣ. ಯೂರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಇಳಿಯುವ ಊರಿಗೆ ಒಂದು ಗಂಟೆ ತಡವಾದರೆ ಟಿಕೆಟ್ ದರದ ಕಾಲು ಭಾಗ, ಎರಡು ಗಂಟೆ ದಾಟಿದರೆ ಅರ್ಧ ವಾಪಸ್. 30 ಯೂರೋ ಟಿಕೆಟ್ಟಿಗೆ 15 ಯೂರೋ ಅಂದ ಹಾಗೆ. ವಿಪರೀತ ಹವಾಮಾನದಿಂದ ತಡವಾದರೆ ಕೊಡದಿರಬಹುದು. ರೈಲಿನವರದ್ದೇ ಸ್ಟ್ರೈಕ್ ಆಗಿದ್ದರೆ ಆ ನೆಪ ನಡೆಯಲ್ಲ. ಅರ್ಜಿಯನ್ನು ಮೂರು ತಿಂಗಳೊಳಗೆ ಹಾಕಬೇಕು. ನಾವು ಹಾಸ್ಟೆಲ್ಲಿನಲ್ಲಿ ಅವತ್ತು ರಾತ್ರಿಯೇ ಹಾಕಿದೆವು. ನಾಳೆ ನೋಡೋಣ ಅಂದರೆ ಗೆಳೆಯರ ಗುಂಪಿನಲ್ಲಿ ಅದು ಆಗುವ ಕೆಲಸ ಅಲ್ಲ.

ಪ್ರಾಗ್‌ನಿಂದ ವಾಪಸ್ ಬರುವಾಗ ಜರ್ಮನಿಯ ರೇಗೆನ್ಸ್‌ಬರ್ಗ್ ನಡುವಿನ ಊರು. ಗಡಿಯ ಆಚೀಚೆ ಆ ದಾರಿಗೆ ಕರೆಂಟ್ ಎಳೆದಿಲ್ಲ, ಡೀಸೆಲ್ ಎಂಜಿನ್ ಹಾಕುತ್ತಾರೆ. ಒಂದೇ ಹಳಿ ಇರುವ ಕಡೆ ಎದುರಿನ ರೈಲು ತಡವಾದರೆ ನಾವೂ ಕಾಯಬೇಕು. ಗಡಿ ದಾಟಿದ ಮೇಲೆ ಜರ್ಮನ್ ಪೊಲೀಸರು ಹತ್ತಿ ಪಾಸ್‌ಪೋರ್ಟ್ ನೋಡಿದರು. ಶೆಂಗೆನ್ ಒಳಗೆ, ಅಂದರೆ ತಮ್ಮ ನಡುವೆ ಗಡಿ ತಪಾಸಣೆ ಬಿಡಲು ಒಪ್ಪಿಕೊಂಡ ಯೂರೋಪಿನ ದೇಶಗಳಲ್ಲಿ, ಯಾರೂ ಕೇಳಲ್ಲ ಅನ್ನುವುದು ಈಗ ಹಳೇ ಮಾತು. ಪಾಸ್‌ಪೋರ್ಟನ್ನು ಬ್ಯಾಗಿನ ತಳದಲ್ಲಿ ಇಡಬೇಡಿ.

ನಡುವೆ ಊರು ಇಡುವ ಈ ಉಪಾಯ ವಿಮಾನ ಹಿಡಿಯುವ ದಿನಕ್ಕೆ ಮಾತ್ರ ಒಗ್ಗಲ್ಲ. ಹಿಂದಿನ ರಾತ್ರಿಯೇ ಆ ಊರಲ್ಲಿರಬೇಕು. ಮ್ಯೂನಿಕ್‌ನಲ್ಲಿ ಏರ್‌ಪೋರ್ಟಿಗೆ ಎಸ್1, ಎಸ್8 ಎರಡೂ ಲೋಕಲ್ ಹೋಗುತ್ತವೆ. ಎಸ್1 ದಾರಿಯಲ್ಲಿ ಎರಡು ತುಂಡಾಗಿ, ಒಂದು ತುಂಡು ಬೇರೆ ಊರಿಗೆ ಹೋಗುತ್ತೆ. ಗೆಳೆಯರನ್ನು ಎಸ್8ಕ್ಕೇ ಹತ್ತಿಸಿದೆ.